ಮಾಗಿಯ ರಾತ್ರಿ ಬೆಚ್ಚಗಾದರೆ ತೊಗರಿಯ ಪತಂಗ ಏನು ಮಾಡುತ್ತದೆ?

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ತೊಗರಿ ಬೆಳೆಗಾರರಿಗೆ ನವೆಂಬರಿನ ಮೋಡ ಎಂದರೆ ದಿಗಿಲು. ಬೆಳೆ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇತ್ತ ಎರಡು ಮೂರು ದಿನ ಬಾನು ಮುಚ್ಚಿಕೊಂಡರೆ ಸಾಕು, ‘ಮೋಡ ಹಾಕ್ಯದ, ಇನ್ನ ಕೀಡಿ ಬೀಳ್ತದ’ ಎಂಬ ಮಾತು ಊರ ಕಟ್ಟೆಯಿಂದ ಔಷಧದ ಅಂಗಡಿಯವರೆಗೆ ಹರಡುತ್ತದೆ. ಆ ಮಾತು ಬಹಳ ಸಲ ನಿಜವೂ ಆಗುತ್ತದೆ. ಆದರೆ ಮೋಡಕ್ಕೂ ಕಾಯಿಕೊರಕ ಹುಳುವಿಗೂ ಇರುವ ನಂಟನ್ನು ವಿವರಿಸುವಾಗ ತೇವಾಂಶ, ಮಬ್ಬು ಬೆಳಕು ಎಂದಷ್ಟೇ ಹೇಳಿ ಮುಂದೆ ಹೋಗುವುದು ರೂಢಿ. ಮೋಡ ಮಾಡುವ ಇನ್ನೊಂದು ಕೆಲಸ, ಥರ್ಮಾಮೀಟರಿನಲ್ಲಿ ಸುಲಭವಾಗಿ ಅಳೆಯಬಹುದಾದ ಕೆಲಸ, ರಾತ್ರಿಯನ್ನು ಬೆಚ್ಚಗಿಡುವುದು. ಅದರ ಮಾತು ಬರುವುದೇ ಕಡಿಮೆ.

ಹಗಲಿಡೀ ಬಿಸಿಲು ಹೀರಿದ ಎರೆಭೂಮಿ ಸೂರ್ಯ ಮುಳುಗಿದ ಮೇಲೆ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬಾನು ಶುಭ್ರವಾಗಿದ್ದು ಗಾಳಿ ಒಣಗಿದ್ದರೆ ಈ ಶಾಖ ಅಡೆತಡೆಯಿಲ್ಲದೆ ಹೊರಟುಹೋಗುತ್ತದೆ. ಮಾಗಿಯಲ್ಲಿ ಬೀದರ್, ವಿಜಯಪುರಗಳ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇಳಿಯುವುದು ಹೀಗೆ. ಮೋಡವಿದ್ದರೆ ಅದು ಆ ಕಿರಣಗಳನ್ನು ಹೀರಿಕೊಂಡು ಒಂದು ಪಾಲನ್ನು ಮತ್ತೆ ನೆಲದ ಕಡೆಗೇ ಕಳಿಸುತ್ತದೆ. ಪರಿಣಾಮವಾಗಿ ಹಗಲಿನ ಗರಿಷ್ಠ ಉಷ್ಣಾಂಶ ಇಳಿಯುತ್ತದೆ, ರಾತ್ರಿಯ ಕನಿಷ್ಠ ಉಷ್ಣಾಂಶ ಏರುತ್ತದೆ. ಬಿಸಿಲಿಲ್ಲವೆಂದು ನಾವು ಶಾಲು ಹೊದೆಯುವ ದಿನದ ರಾತ್ರಿಯೇ, ಈ ಹುಳು ಬೆಳೆದು ಆಗುವ ಪತಂಗಕ್ಕೆ ಹಿತವಾದ ರಾತ್ರಿ. ಹಗಲನ್ನೆಲ್ಲ ಎಲೆಯ ಮರೆಯಲ್ಲಿ ಕಳೆಯುವ ಈ ಜೀವಿಯ ಓಡಾಟದ ಮಟ್ಟಿಗೆ ದಿನದ ಸರಾಸರಿ ಉಷ್ಣಾಂಶ ಅಷ್ಟೇನೂ ಅರ್ಥ ಕೊಡದ ಅಂಕಿ. ಸಂಜೆ ಏಳರಿಂದ ಬೆಳಗಿನ ಐದರವರೆಗೆ, ಗಿಡದ ತಲೆಯ ಎತ್ತರದಲ್ಲಿ ಗಾಳಿ ಎಷ್ಟು ಬೆಚ್ಚಗಿತ್ತು ಎಂಬುದೇ ಅದರ ಹವಾಮಾನ.

ಇದೇಕೆ ಹೀಗೆ ಎಂದು ತಿಳಿಯಲು ಪತಂಗದ ಮೈಯನ್ನೇ ಹತ್ತಿರದಿಂದ ನೋಡಬೇಕು. ಕಾಯಿಕೊರಕದ ಪತಂಗ, ಅಂದರೆ ಹೆಲಿಕೋವರ್ಪ ಆರ್ಮಿಜೆರ, ಕೀಟಗಳಲ್ಲಿ ಸಾಕಷ್ಟು ದಪ್ಪ ಮೈಯದು. ಕೀಟಗಳ ಮೈಯ ಬಿಸಿ ಸುತ್ತಲಿನ ಗಾಳಿಯ ಬಿಸಿಯನ್ನು ಅನುಸರಿಸುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಆದರೆ ಹಾರುವಾಗ ಇಂಥ ಪತಂಗದ ಎದೆಯ ಸ್ನಾಯುಗಳು 30 ಡಿಗ್ರಿಯ ಆಸುಪಾಸಿಗೆ ಅಥವಾ ಅದಕ್ಕೂ ಮೇಲಕ್ಕೆ ಕಾದಿರಬೇಕು. 18 ಡಿಗ್ರಿಯ ಸಂಜೆಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಕತ್ತಲಾಗುವ ಹೊತ್ತಿಗೆ ಟಾರ್ಚು ಹಿಡಿದು ತೊಗರಿ ಸಾಲಿನಲ್ಲಿ ನಿಧಾನವಾಗಿ ನಡೆದರೆ ಇದರ ಉತ್ತರ ಕಾಣಿಸುತ್ತದೆ. ಪತಂಗ ಎಲೆಯ ಅಂಚಿನಲ್ಲಿ ಕೂತಿರುತ್ತದೆ, ರೆಕ್ಕೆಗಳು ಸಣ್ಣಗೆ ಅದುರುತ್ತಿರುತ್ತವೆ, ಆದರೆ ಅದು ಹಾರುವುದಿಲ್ಲ. ರೆಕ್ಕೆಯನ್ನು ಮೇಲೆತ್ತುವ ಸ್ನಾಯು, ಕೆಳಗೆ ಬಡಿಯುವ ಸ್ನಾಯು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಸಂಕುಚಿಸುವುದರಿಂದ ರೆಕ್ಕೆ ಬಡಿತ ಆಗುವುದಿಲ್ಲ, ವ್ಯಯವಾದ ಶಕ್ತಿಯೆಲ್ಲ ಶಾಖವಾಗುತ್ತದೆ. ಎದೆಯನ್ನು ಮುಚ್ಚಿರುವ ದಟ್ಟ ಹುರುಪೆಗಳು ಆ ಶಾಖ ಬೇಗ ಆರಿಹೋಗದಂತೆ ತಡೆಯುತ್ತವೆ. ಬರ್ನ್ಡ್ ಹೈನ್‌ರಿಕ್ ಎಂಬ ಜೀವವಿಜ್ಞಾನಿ ತಣ್ಣನೆಯ ರಾತ್ರಿಗಳಲ್ಲಿ ಹಾರುವ ಪತಂಗಗಳ ಈ ಸಾಮರ್ಥ್ಯವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಗಾಳಿ ಬೆಚ್ಚಗಿದ್ದರೆ ಈ ನಡುಕದ ಸಿದ್ಧತೆ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ತಣ್ಣಗಿದ್ದರೆ ಹಲವು ನಿಮಿಷ ಹಿಡಿಯುತ್ತದೆ, ತೀರಾ ತಣ್ಣಗಿದ್ದರೆ ಪತಂಗ ಪ್ರಯತ್ನವನ್ನೇ ಮಾಡದೆ ಕೂತಲ್ಲೇ ಕೂರುತ್ತದೆ.

ಈ ನಡುಕಕ್ಕೆ ಬೇಕಾದ ಇಂಧನ ಹೂವಿನ ಮಕರಂದದಿಂದಲೂ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೂ ಬರಬೇಕು. ಕಾಯಿಕೊರಕದ ಹೆಣ್ಣು ತನ್ನ ಮೊಟ್ಟೆಗಳನ್ನು ಗುಂಪಾಗಿ ಇಡುವುದಿಲ್ಲ. ಇಲ್ಲೊಂದು ಮೊಗ್ಗಿಗೆ, ಅಲ್ಲೊಂದು ಎಳೆ ಕಾಯಿಗೆ ಎಂದು ಒಂದೊಂದಾಗಿ ಹಚ್ಚುತ್ತ ಹೋಗುತ್ತದೆ. ಒಂದು ಹೆಣ್ಣು ಸಾವಿರದಷ್ಟು ಮೊಟ್ಟೆ ಇಡಬಲ್ಲದು ಎಂದರೆ ಅಷ್ಟೂ ಮೊಟ್ಟೆಗಳಿಗೆ ಗಿಡದಿಂದ ಗಿಡಕ್ಕೆ, ಗೊಂಚಲಿನಿಂದ ಗೊಂಚಲಿಗೆ ಹಾರಾಟ ಆಗಬೇಕು. ಮೆಕ್ಕೆಜೋಳದ ಸೈನಿಕ ಹುಳುವಿನ ಪತಂಗ ಹೀಗಲ್ಲ. ಅದು ನೂರಿನ್ನೂರು ಮೊಟ್ಟೆಗಳನ್ನು ಒಂದೇ ಎಲೆಯ ಮೇಲೆ ರಾಶಿಯಾಗಿ ಇಟ್ಟು, ಮೇಲೆ ತನ್ನ ಮೈಯ ಹುರುಪೆಗಳನ್ನು ಹೊದಿಸಿ ಹೊರಟುಬಿಡುತ್ತದೆ. ಹೀಗಾಗಿ ರಾತ್ರಿ ಹಾರಾಟಕ್ಕೆ ಒಂದೆರಡು ತಾಸು ಕಡಿಮೆಯಾದರೆ ಸೈನಿಕ ಹುಳುವಿಗಿಂತ ಕಾಯಿಕೊರಕಕ್ಕೆ ಹೆಚ್ಚು ನಷ್ಟ, ಅದೇ ಒಂದೆರಡು ತಾಸು ಹೆಚ್ಚು ಸಿಕ್ಕರೆ ಲಾಭವೂ ಅದಕ್ಕೇ ಹೆಚ್ಚು ಎಂದು ನನ್ನ ಎಣಿಕೆ. ಹತ್ತಿಯ ಗುಲಾಬಿ ಕಾಯಿಕೊರಕದ ಲೆಕ್ಕ ಇನ್ನೂ ಬೇರೆ. ಅದರ ಪತಂಗ ಬಹಳ ಚಿಕ್ಕದು, ಅಂಥ ಮೈ ನಡುಗಿ ಗಳಿಸಿದ ಶಾಖವನ್ನು ಹಿಡಿದಿಟ್ಟುಕೊಳ್ಳಲಾರದು. ಅದು ಹೆಚ್ಚುಕಡಿಮೆ ಗಾಳಿಯ ಉಷ್ಣಾಂಶದಲ್ಲಿಯೇ ಹಾರಬೇಕು. ‘ಪತಂಗ’ ಎಂದು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಸಲಹೆ ಬರೆಯುವವರು ಗಮನಿಸಬೇಕಾದ ಅಂತರ ಇದು.

ಇನ್ನು ರಾತ್ರಿಯ ವೇಳಾಪಟ್ಟಿಗೆ ಬರೋಣ. ಮಣ್ಣಿನಲ್ಲಿ ಕೋಶಾವಸ್ಥೆ ಮುಗಿಸಿದ ಕಾಯಿಕೊರಕದ ಪತಂಗಗಳು ಸಾಮಾನ್ಯವಾಗಿ ಕತ್ತಲಾದ ಮೇಲೆ ಹೊರಬಂದು, ಗಿಡವನ್ನೋ ಕಸವನ್ನೋ ಹತ್ತಿ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತವೆ. ಮಿಲನವಾದ ಹೆಣ್ಣುಗಳು ಮಕರಂದ ಹೀರುವುದು, ಮೊಟ್ಟೆ ಇಡುವುದು ಮುಖ್ಯವಾಗಿ ರಾತ್ರಿಯ ಮೊದಲರ್ಧದಲ್ಲಿ. ಮಿಲನ ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿನಲ್ಲಿ ಹೆಣ್ಣು ಎತ್ತರದ ಎಲೆಯ ಮೇಲೆ ಕೂತು ಹೊಟ್ಟೆಯ ತುದಿಯಲ್ಲಿರುವ ಗ್ರಂಥಿಯನ್ನು ಹೊರಚಾಚಿ ಗಂಡನ್ನು ಸೆಳೆಯುವ ವಾಸನೆಯನ್ನು ಬಿಡುತ್ತದೆ. ನಾವು ಮೋಹಕ ಬಲೆಯಲ್ಲಿ ಕಟ್ಟುವ ಲೂರ್ ಇದೇ ವಾಸನೆಯ ಕೃತಕ ರೂಪ. ಈಗ ಈ ಪಟ್ಟಿಯನ್ನು ಥರ್ಮಾಮೀಟರಿನ ಪಕ್ಕದಲ್ಲಿಟ್ಟು ನೋಡಿ. ಶುಭ್ರ ಬಾನಿನ ರಾತ್ರಿಯಲ್ಲಿ ಉಷ್ಣಾಂಶ ಸಂಜೆಯಿಂದ ಸತತವಾಗಿ ಇಳಿಯುತ್ತ ಬಂದು ಬೆಳಗಿನ ಜಾವಕ್ಕೆ ತಳ ಮುಟ್ಟುತ್ತದೆ. ಅಂದರೆ ಮೊಟ್ಟೆ ಇಡುವ ಕೆಲಸಕ್ಕೆ ರಾತ್ರಿಯ ಬೆಚ್ಚನೆಯ ಪಾಲು ಸಿಗುತ್ತದೆ, ಮಿಲನಕ್ಕೆ ತಣ್ಣನೆಯ ಪಾಲು. ಚಳಿ ಹೆಚ್ಚಾದಂತೆ ಮೊದಲು ಪೆಟ್ಟು ಬೀಳಬೇಕಾದದ್ದು ಮಿಲನಕ್ಕೆ.

ಪತಂಗಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿವೆ. ಅಮೆರಿಕದ ಕೀಟವಿಜ್ಞಾನಿ ರಿಂಗ್ ಕಾರ್ಡೆ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಕಿರು ಪ್ರಬಂಧವೊಂದು ಈ ವಿಷಯದಲ್ಲಿ ಇಂದಿಗೂ ಆಧಾರ. ಪತಂಗದ ಒಳಗಡಿಯಾರ ಇಪ್ಪತ್ನಾಲ್ಕು ತಾಸಿನ ಲಯವನ್ನು ಚಳಿಯಲ್ಲೂ ಸೆಕೆಯಲ್ಲೂ ಬಹುಮಟ್ಟಿಗೆ ಒಂದೇ ರೀತಿ ಕಾಯ್ದುಕೊಳ್ಳುತ್ತದೆ. ಆದರೆ ಆ ಗಡಿಯಾರ ಮಿಲನಕ್ಕೆ ತೆರೆದುಕೊಡುವ ಬಾಗಿಲು ಯಾವ ಹೊತ್ತಿಗೆ ತೆರೆಯಬೇಕೆಂಬುದನ್ನು ಉಷ್ಣಾಂಶ ಹಿಂದೆಮುಂದೆ ಮಾಡುತ್ತದೆ. ಸಂಜೆ ಬೇಗನೆ ತಣ್ಣಗಾದರೆ ಹೆಣ್ಣು ವಾಸನೆ ಬಿಡುವುದನ್ನೂ ಗಂಡು ಅದಕ್ಕೆ ಓಗೊಡುವುದನ್ನೂ ಮುಂಚಿತವಾಗಿ ಶುರುಮಾಡುತ್ತವೆ, ರಾತ್ರಿ ಬೆಚ್ಚಗಿದ್ದರೆ ತಡವಾಗಿ. ಹಲವು ಜಾತಿಯ ಪತಂಗಗಳಲ್ಲಿ ಇದೇ ಮಾದರಿ ಕಂಡುಬಂದಿದೆ. ಬೇಸಿಗೆಯಲ್ಲಿ ನಡುರಾತ್ರಿಯ ಮೇಲೆ ಕೂಡುವ ಪತಂಗ ಚಳಿಗಾಲಕ್ಕೆ ಬಂದಾಗ ಕತ್ತಲಾದ ಸ್ವಲ್ಪ ಹೊತ್ತಿಗೇ ಕೂಡಬಹುದು ಎಂದ ಮೇಲೆ, ಚಳಿ ಬಂತು, ಹುಳುವಿನ ಸಂತತಿ ನಿಂತಿತು ಎಂದು ನಿರಾಳವಾಗಿರುವುದು ಸರಿಯಲ್ಲ. ತೀರಾ ಕೊರೆಯುವ ಚಳಿ ಮಾತ್ರ ಸಂತತಿಯನ್ನು ನಿಲ್ಲಿಸುತ್ತದೆ. ಸಾಧಾರಣ ಚಳಿಯಲ್ಲಿ ಕೆಲಸದ ಹೊತ್ತು ಸಂಜೆಯ ಕಡೆಗೆ ಸರಿದು ಕಿರಿದಾಗುತ್ತದೆ, ಅಷ್ಟೆ.

ವಾಸನೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶುಭ್ರ ರಾತ್ರಿಯಲ್ಲಿ ನೆಲ ಬೇಗ ತಣಿದು, ನೆಲಕ್ಕೆ ತಾಗಿದ ಗಾಳಿ ತಣ್ಣಗೆ ಭಾರವಾಗಿ ಕೂರುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಗಾಳಿ ಮೇಲೆಕೆಳಗೆ ಕದಡುವುದಿಲ್ಲವಾದ್ದರಿಂದ ಹೆಣ್ಣು ಬಿಟ್ಟ ವಾಸನೆ ಚದುರದೆ ಎಳೆಯಾಗಿ ದೂರದವರೆಗೆ ಸಾಗುತ್ತದೆ. ಗಂಡು ಆ ಎಳೆಯನ್ನು ಹಿಡಿದು ಗಾಳಿಗೆದುರಾಗಿ ಬರಲು ಸುಲಭ. ಅದೇ ಹೊತ್ತಿಗೆ ತಣ್ಣನೆಯ ಗಾಳಿಯಲ್ಲಿ ವಾಸನೆಯ ದ್ರವ್ಯ ಆವಿಯಾಗುವುದು ನಿಧಾನ. ಹೀಗೆ ಶುಭ್ರ ಬಾನು ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ದೂರದ ಹಾರಾಟಕ್ಕೂ ಈ ವಿಲೋಮ ಪದರ ಮುಖ್ಯ. ರಾಡಾರ್ ಬಳಸಿ ನಡೆದ ಅಧ್ಯಯನಗಳಲ್ಲಿ ವಲಸೆ ಪತಂಗಗಳು ನೆಲದಿಂದ ಕೆಲವು ನೂರು ಮೀಟರ್ ಮೇಲೆ, ಗಾಳಿ ಬೆಚ್ಚಗೂ ವೇಗವಾಗಿಯೂ ಇರುವ ಪದರದಲ್ಲಿ ದಟ್ಟವಾಗಿ ಸೇರಿ ಸಾಗುವುದು ಕಂಡಿದೆ. ನಮ್ಮ ಪಕ್ಕದ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಾಯಿಕೊರಕವನ್ನು ದಶಕಗಳಿಂದ ಬೆಳಕಿನ ಬಲೆ, ಮೋಹಕ ಬಲೆಗಳಲ್ಲಿ ಎಣಿಸುತ್ತ ಬಂದಿದೆ, ಮತ್ತು ಮುಂಗಾರಿನ ನಂತರದ ಹಂಗಾಮಿನಲ್ಲಿ ಈ ಪತಂಗ ಹೊರಬರುವುದನ್ನೂ ಹಾರುವುದನ್ನೂ ಮಧ್ಯ ಭಾರತದಲ್ಲಿ ರಾತ್ರಿಯಿಡೀ ಗಮನಿಸಿದ ಅಧ್ಯಯನವೊಂದು 1992ರಲ್ಲೇ ಪ್ರಕಟವಾಗಿದೆ. ನೆಲದ ಮಟ್ಟದ ಥರ್ಮಾಮೀಟರು ತೋರಿಸುವ ಚಳಿಯೇ ಪತಂಗ ಹಾರುವ ಎತ್ತರದಲ್ಲೂ ಇದೆ ಎಂದು ತಿಳಿಯುವಂತಿಲ್ಲ.

ಈಗ ರೈತರಿಗೂ ಕೃಷಿ ಇಲಾಖೆಗೂ ನೇರವಾಗಿ ತಟ್ಟುವ ವಿಷಯ: ಬಲೆಯ ಎಣಿಕೆ. ತೊಗರಿ, ಕಡಲೆ ಹೊಲಗಳಲ್ಲಿ ಹೆಕ್ಟೇರಿಗೆ 5ರಂತೆ ಮೋಹಕ ಬಲೆ ಕಟ್ಟಿ, ಬೆಳಗ್ಗೆ ಎದ್ದು ಎಷ್ಟು ಗಂಡು ಪತಂಗ ಬಿದ್ದಿವೆ ಎಂದು ಎಣಿಸಿ, ಆ ಸಂಖ್ಯೆ ಏರಿದರೆ ಸಿಂಪರಣೆಗೆ ಸಿದ್ಧವಾಗುವುದು ಶಿಫಾರಸಾದ ಕ್ರಮ. ಕ್ರಮ ಒಳ್ಳೆಯದೇ. ಆದರೆ ಬಲೆಗೆ ಬಿದ್ದ ಸಂಖ್ಯೆ ಹೊಲದಲ್ಲಿರುವ ಪತಂಗಗಳ ಸಂಖ್ಯೆಯಲ್ಲ. ಹೊಲದಲ್ಲಿರುವವುಗಳಲ್ಲಿ ಆ ರಾತ್ರಿ ಎಷ್ಟು ಹಾರಿದವು, ಹಾರಿದವುಗಳಲ್ಲಿ ಎಷ್ಟು ಲೂರ್‌ನ ವಾಸನೆಗೆ ಬಂದವು ಎಂಬ ಎರಡು ಜರಡಿ ದಾಟಿ ಉಳಿದ ಸಂಖ್ಯೆ. ಎರಡು ಜರಡಿಗಳ ಕಣ್ಣಿನ ಅಳತೆಯನ್ನೂ ರಾತ್ರಿಯ ಉಷ್ಣಾಂಶ ಬದಲಿಸುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಸಿ. ಬಿ. ವಿಲಿಯಮ್ಸ್ 1930ರ ದಶಕದಲ್ಲಿ ವರ್ಷಗಟ್ಟಲೆ ಬೆಳಕಿನ ಬಲೆ ಇಟ್ಟು, ಪ್ರತಿ ರಾತ್ರಿಯ ಕೀಟಗಳ ಸಂಖ್ಯೆಯನ್ನು ಹವಾಮಾನದೊಂದಿಗೆ ತಾಳೆ ನೋಡಿದರು. ರಾತ್ರಿಯ ಕನಿಷ್ಠ ಉಷ್ಣಾಂಶ ಏರಿದಂತೆ ಬಲೆಗೆ ಬೀಳುವ ಕೀಟ ಹೆಚ್ಚುತ್ತದೆ, ಅದೂ ಇಷ್ಟಿಷ್ಟೇ ಕೂಡಿಕೆಯಾಗಿ ಅಲ್ಲ, ಗುಣಾಕಾರವಾಗಿ ಏರುತ್ತದೆ ಎಂಬುದನ್ನು ಕಂಡುಕೊಂಡೇ ಅವರು ಇಂಥ ಎಣಿಕೆಗಳಿಗೆ ಲಾಗರಿದಮ್ ಬಳಸಬೇಕೆಂದು ವಾದಿಸಿದರು. ಅದೇ ಎಣಿಕೆಗಳಿಂದ ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಕಿನ ಬಲೆಗೆ ಕೀಟ ಕಡಿಮೆ ಬೀಳುವುದೂ ಸ್ಪಷ್ಟವಾಯಿತು. ನಮ್ಮಲ್ಲಿ ಅಮಾವಾಸ್ಯೆಯ ಹಿಂದೆಮುಂದೆ ಹುಳುವಿನ ಕಾಟ ಜಾಸ್ತಿ ಎನ್ನುವವರು ಆ ದಿನಗಳ ಮೋಡವನ್ನೂ ಚಳಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಳಿ ಬಿದ್ದ ಮೂರು ರಾತ್ರಿ ಬಲೆಗೆ ಎರಡು, ಒಂದು, ಮೂರು ಪತಂಗ ಬಿದ್ದವು. ನಾಲ್ಕನೆಯ ದಿನ ಮೋಡ ಕವಿದು ಕನಿಷ್ಠ ಉಷ್ಣಾಂಶ ಐದು ಡಿಗ್ರಿ ಏರಿತು, ಬಲೆಗೆ ಹದಿನೈದು ಬಿದ್ದವು. ಹದಿನೈದನ್ನು ಕಂಡವರು ಹೊಸದಾಗಿ ಪತಂಗ ಬಂತೆಂದು ಅಂದೇ ಔಷಧ ಹೊಡೆಯುತ್ತಾರೆ. ಆದರೆ ಅವುಗಳಲ್ಲಿ ಹೆಚ್ಚಿನವು ಆ ಮೂರು ದಿನವೂ ಹೊಲದಲ್ಲೇ ಇದ್ದಿರಬಹುದು, ಹಾರಲು ಹೊತ್ತು ಕಾಯುತ್ತಿದ್ದಿರಬಹುದು. ಹಾಗಿದ್ದರೆ ಮೊಟ್ಟೆ ಇಡುವ ಕೆಲಸ ನಿಜವಾಗಿ ಬಿರುಸಾಗುವುದು ಆ ನಾಲ್ಕನೆಯ ರಾತ್ರಿಯಿಂದ. ಮರಿಹುಳು ಕಾಣುವುದು ಅದಕ್ಕೂ ಮೂರ್ನಾಲ್ಕು ದಿನ ತಡವಾಗಿ, ರಾತ್ರಿ ಮತ್ತೆ ತಣಿದರೆ ಇನ್ನೂ ತಡವಾಗಿ. ಅಂದೇ ಹೊಡೆದ ಔಷಧದ ಬಹುಪಾಲು ಎಲೆಯ ಮೇಲೆ ಒಣಗುತ್ತದೆ, ಮರಿ ಹೊರಬರುವಾಗ ಅದರ ಕಸುವು ಕುಗ್ಗಿರಬಹುದು. ಮೋಡದ ದಿನ ಔಷಧದ ಅಂಗಡಿಗಳ ಮುಂದೆ ಕಾಣುವ ಗದ್ದಲದಲ್ಲಿ ಒಂದು ಪಾಲು ಇಂಥ ಅವಸರದ್ದು ಎಂಬುದು ನನ್ನ ಗುಮಾನಿ. ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ದುಬಾರಿ: ಚಳಿಯ ವಾರದಲ್ಲಿ ಬಲೆ ಖಾಲಿಯೆಂದು ಗಿಡದ ಕಡೆಗೇ ಹೋಗದಿರುವುದು.

ಉಷ್ಣಾಂಶ ಪತಂಗದ ನಡವಳಿಕೆಯನ್ನಷ್ಟೇ ಬದಲಿಸುವುದಿಲ್ಲ, ಮೊಟ್ಟೆಯಿಂದ ಪತಂಗದವರೆಗಿನ ಬೆಳವಣಿಗೆಯ ವೇಗವನ್ನೂ ನಿರ್ಧರಿಸುತ್ತದೆ. ಇಲ್ಲಿ ರಾತ್ರಿಯ ಪಾತ್ರವನ್ನು ಲೆಕ್ಕ ಹಾಕಿ ತೋರಿಸಲು ಮೆಕ್ಕೆಜೋಳದ ಸೈನಿಕ ಹುಳು ಅನುಕೂಲ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಭಾರತಕ್ಕೇ ಮೊದಲು ಪತ್ತೆಯಾಯಿತು. ಸುಳಿಯಲ್ಲಿ ಲದ್ದಿಯನ್ನು ತುಂಬಿಡುವ ಇದನ್ನು ಲದ್ದಿ ಹುಳು ಎಂದೂ ಕರೆಯುತ್ತಾರೆ. ಇದಕ್ಕೆ ಚಳಿ ತಡೆಯುವ ಸುಪ್ತಾವಸ್ಥೆ ಇಲ್ಲ; ಅಮೆರಿಕದಲ್ಲಿ ದಕ್ಷಿಣ ಫ್ಲಾರಿಡಾ, ದಕ್ಷಿಣ ಟೆಕ್ಸಾಸ್‌ಗಳಂಥ ಹಿಮ ಬೀಳದ ಕಡೆ ಮಾತ್ರ ಚಳಿಗಾಲ ಕಳೆದು ಪ್ರತಿ ವರ್ಷ ಹೊಸದಾಗಿ ಉತ್ತರಕ್ಕೆ ಹಾರಿಹೋಗುತ್ತದೆ. ಕರ್ನಾಟಕದಲ್ಲಿ ಅದಕ್ಕೆ ಅಂಥ ಗಡಿಯೇ ಇಲ್ಲ.

ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಮೊಟ್ಟೆಯಿಂದ ಪತಂಗವಾಗುವವರೆಗೆ ಈ ಹುಳುವಿಗೆ ಬೇಕಾದ ಕನಿಷ್ಠ ಉಷ್ಣಾಂಶ 12.57 ಡಿಗ್ರಿ, ಅದಕ್ಕಿಂತ ಮೇಲಿನ ಉಷ್ಣಾಂಶವನ್ನು ದಿನದಿನಕ್ಕೆ ಕೂಡುತ್ತ ಹೋದರೆ ಒಟ್ಟು 391.61 ಡಿಗ್ರಿ-ದಿನಗಳಾದಾಗ ಒಂದು ತಲೆಮಾರು ಮುಗಿಯುತ್ತದೆ. ಹಗಲಿನ ಗರಿಷ್ಠ 30, ರಾತ್ರಿಯ ಕನಿಷ್ಠ 14 ಇರುವ ದಿನಗಳಲ್ಲಿ ಸರಾಸರಿ 22 ಆಗಿ, ದಿನವೊಂದಕ್ಕೆ 9.43 ಡಿಗ್ರಿ ಜಮೆಯಾಗುತ್ತದೆ. ಸುಮಾರು ನಲವತ್ತೊಂದೂವರೆ ದಿನಕ್ಕೆ ಒಂದು ತಲೆಮಾರು. ಹಗಲನ್ನು ಹಾಗೆಯೇ ಬಿಟ್ಟು ರಾತ್ರಿಯನ್ನಷ್ಟೇ 19ಕ್ಕೆ ಏರಿಸಿ. ಸರಾಸರಿ 24.5, ದಿನದ ಜಮೆ 11.93, ತಲೆಮಾರಿಗೆ ಹೆಚ್ಚುಕಡಿಮೆ 33 ದಿನ. ಮಧ್ಯಾಹ್ನದ ಬಿಸಿಲು ಒಂದು ಡಿಗ್ರಿಯೂ ಹೆಚ್ಚಾಗದೆ ಹುಳುವಿಗೆ ಎಂಟೊಂಬತ್ತು ದಿನ ಉಳಿತಾಯವಾಯಿತು. 120 ದಿನದ ಮೆಕ್ಕೆಜೋಳದಲ್ಲಿ ಮೂರನೆಯ ತಲೆಮಾರು ಮುಗಿಯದೆ ಉಳಿಯುವುದಕ್ಕೂ, ನಾಲ್ಕನೆಯದು ಅರ್ಧ ದಾಟುವುದಕ್ಕೂ ಇರುವ ವ್ಯತ್ಯಾಸ ಇದು. ಗರಿಷ್ಠ, ಕನಿಷ್ಠಗಳ ಸರಾಸರಿ ತೆಗೆಯುವ ಈ ಲೆಕ್ಕ ಒರಟಾದದ್ದು, ತಾಸು ತಾಸಿನ ಉಷ್ಣಾಂಶ ಸಿಕ್ಕರೆ ಉತ್ತರ ಸ್ವಲ್ಪ ಬದಲಾದೀತು. ಆದರೆ ದಿಕ್ಕು ಬದಲಾಗುವುದಿಲ್ಲ.

ಹಾಗೆಂದು ರಾತ್ರಿ ಬಿಸಿಯಾದಷ್ಟೂ ಹುಳುವಿಗೆ ಹಬ್ಬ ಎಂದುಕೊಳ್ಳಬಾರದು. ಅದೇ ಪ್ರಯೋಗಗಳಲ್ಲಿ ಸೈನಿಕ ಹುಳುವಿಗೆ ಅತ್ಯಂತ ಹಿತವಾದ ಉಷ್ಣಾಂಶ 26ರಿಂದ 30 ಡಿಗ್ರಿ ಎಂದು ಕಂಡುಬಂದಿದೆ. ಆ ಮಿತಿಯನ್ನು ಮೀರಿದ ಮೇಲೆ ಬೆಳವಣಿಗೆಯ ಲಾಭಕ್ಕಿಂತ ಸಾವಿನ ನಷ್ಟ ಹೆಚ್ಚಾಗುತ್ತದೆ; ಪತಂಗದ ಆಯುಸ್ಸು ಕುಗ್ಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಹಗಲಿನ ತೀವ್ರ ಬಿಸಿಯಿಂದಾದ ಹಾನಿಯನ್ನು ದೇಹ ಸರಿಪಡಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. 2014ರಲ್ಲಿ ಚೀನಾದ ಸಂಶೋಧಕರು ಗೋಧಿಯ ಸಸ್ಯಹೇನಿನ ಮೇಲೆ ನಡೆಸಿದ ಅಧ್ಯಯನದಲ್ಲಿ, ಬಿಸಿ ಹಗಲುಗಳ ಜೊತೆಗೆ ರಾತ್ರಿಗಳನ್ನೂ ಬೆಚ್ಚಗೆ ಮಾಡಿದಾಗ ಅವುಗಳ ಉಳಿವೂ ಸಂತಾನವೂ ಕುಗ್ಗಿದವು. ಸಸ್ಯಹೇನು ಪತಂಗವಲ್ಲ ನಿಜ, ಆದರೆ ಅದು ತೋರಿಸಿದ ತತ್ವ ಕಲಬುರಗಿಯ ಏಪ್ರಿಲ್-ಮೇ ತಿಂಗಳಿಗೆ ಅನ್ವಯಿಸದಿರಲು ಕಾರಣ ಕಾಣುವುದಿಲ್ಲ. ಒಂದೇ ಐದು ಡಿಗ್ರಿ ಏರಿಕೆ ಮೇ ತಿಂಗಳ ರಾತ್ರಿಯಲ್ಲಿ ಹುಳುವಿಗೆ ಶಿಕ್ಷೆ, ಡಿಸೆಂಬರಿನ ರಾತ್ರಿಯಲ್ಲಿ ಬಹುಮಾನ. ಮತ್ತು ಹೊಲದಲ್ಲಿ ತೊಗರಿ, ಕಡಲೆ, ಹತ್ತಿ ಇರುವುದು ಡಿಸೆಂಬರಿನಲ್ಲಿ.

ಇಲ್ಲಿಯೇ ನಮ್ಮ ಹವಾಮಾನ ಚರ್ಚೆಯಲ್ಲಿರುವ ಒಂದು ಕುರುಡು ಜಾಗ ಗೋಚರಿಸುತ್ತದೆ. ರಾತ್ರಿಗಳು ಬಿಸಿಯಾಗುತ್ತಿವೆ ಎಂಬುದು ಈಗ ವಿವಾದದ ವಿಷಯವಲ್ಲ. ಕಳೆದ ಶತಮಾನದ ನಡುವಿನಿಂದೀಚೆಗೆ ಜಗತ್ತಿನ ಹಲವೆಡೆ ಕನಿಷ್ಠ ಉಷ್ಣಾಂಶ ಗರಿಷ್ಠಕ್ಕಿಂತ ವೇಗವಾಗಿ ಏರಿದೆ. ಇಂಧನ, ಪರಿಸರ, ನೀರಿನ ಕುರಿತು ಅಧ್ಯಯನ ಮಾಡುವ ದೆಹಲಿಯ ಸಿಇಇಡಬ್ಲ್ಯು ಸಂಸ್ಥೆ 2025ರಲ್ಲಿ ಹೊರತಂದ ಜಿಲ್ಲಾವಾರು ವರದಿ, ದೇಶದ ಸುಮಾರು ಶೇ. 70ರಷ್ಟು ಜಿಲ್ಲೆಗಳಲ್ಲಿ ಕಳೆದ ದಶಕದ ಬೇಸಿಗೆಗಳು ಹಿಂದಿಗಿಂತ ಐದು ಹೆಚ್ಚುವರಿ ಅತಿಬಿಸಿ ರಾತ್ರಿಗಳನ್ನು ಕಂಡಿವೆ ಎಂದಿತು. ಅದು ಮಾರ್ಚ್‌ನಿಂದ ಜೂನ್‌ವರೆಗಿನ ಮಾತು. ಭಾರತೀಯ ಹವಾಮಾನ ಇಲಾಖೆ ‘ಬಿಸಿ ರಾತ್ರಿ’ ಎಂದು ಘೋಷಿಸಬೇಕಾದರೆ ಆ ದಿನದ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿರಬೇಕು, ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5ರಿಂದ 6.4 ಡಿಗ್ರಿಯಷ್ಟು ಹೆಚ್ಚಿರಬೇಕು. ಅದನ್ನೂ ಮೀರಿದರೆ ‘ಅತಿಬಿಸಿ ರಾತ್ರಿ’. ಮನುಷ್ಯರ ಆರೋಗ್ಯದ ದೃಷ್ಟಿಯಿಂದ ಈ ವ್ಯಾಖ್ಯೆ ಸರಿಯಾದದ್ದೇ. ಆದರೆ ಇದರ ಪ್ರಕಾರ ಡಿಸೆಂಬರಿನಲ್ಲಿ ವಾಡಿಕೆಗಿಂತ ಆರು ಡಿಗ್ರಿ ಬೆಚ್ಚಗಿರುವ ರಾತ್ರಿ ಯಾವ ಎಚ್ಚರಿಕೆಯ ಪಟ್ಟಿಗೂ ಸೇರುವುದಿಲ್ಲ. ‘ಈ ಸಲ ಚಳಿಯೇ ಬೀಳಲಿಲ್ಲ’ ಎಂಬ ಲೋಕಾಭಿರಾಮದ ಮಾತಾಗಿ ಅದು ಮುಗಿದುಹೋಗುತ್ತದೆ.

ಜಾಗತಿಕ ಅಂದಾಜುಗಳೂ ಈ ಋತುಭೇದವನ್ನು ಹೇಳುವುದು ಕಡಿಮೆ. ಭೂಮಿಯ ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಭತ್ತ, ಮೆಕ್ಕೆಜೋಳ, ಗೋಧಿಗಳಲ್ಲಿ ಕೀಟಗಳಿಂದಾಗುವ ನಷ್ಟ ಶೇ. 10ರಿಂದ 25ರಷ್ಟು ಹೆಚ್ಚಬಹುದೆಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ಬಹಳ ಸುದ್ದಿಯಾಯಿತು. ಹೆಚ್ಚಿನ ಪೆಟ್ಟು ಸಮಶೀತೋಷ್ಣ ವಲಯದ ದೇಶಗಳಿಗೆ, ಈಗಾಗಲೇ ಬಿಸಿಯಾಗಿರುವ ಉಷ್ಣವಲಯದಲ್ಲಿ ಕೀಟಗಳ ಸಂಖ್ಯೆ ಅಷ್ಟು ಏರದು ಎಂಬುದು ಅದರ ಒಂದು ನಿಲುವು. ಇಡೀ ಉಷ್ಣವಲಯಕ್ಕೆ ಒಟ್ಟಾಗಿ ಹೇಳಿದ ಇಂಥ ತೀರ್ಮಾನ ದಖನ್ನಿನ ಹಿಂಗಾರಿಗೆ ಹೊಂದುವುದಿಲ್ಲ ಎಂದೇ ನನಗೆ ಅನಿಸುತ್ತದೆ. ನಮ್ಮ ಹಿಂಗಾರಿನ ರಾತ್ರಿಗಳು ಪತಂಗಕ್ಕೆ ಈಗಲೂ ತುಸು ತಣ್ಣಗಿನವೇ, ಅಲ್ಲಿ ಏರಿಕೆಗೆ ಇನ್ನೂ ಜಾಗವಿದೆ.

ಹುಳುವಿನ ವೈರಿಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಪತಂಗದ ಮೊಟ್ಟೆಗಳಲ್ಲಿ ತಮ್ಮ ಮೊಟ್ಟೆ ಇಡುವ, ಟ್ರೈಕೊಗ್ರಾಮ ಎಂಬ ಪುಟ್ಟ ಕಣಜದಂಥ ಪರತಂತ್ರ ಜೀವಿಗಳು ಹೆಚ್ಚಾಗಿ ಹಗಲಿನಲ್ಲಿ ಕೆಲಸ ಮಾಡುತ್ತವೆ. ರಾತ್ರಿ ಮಾತ್ರ ಬೆಚ್ಚಗಾಗಿ ಹಗಲು ಹಾಗೇ ಉಳಿದರೆ ಮೊಟ್ಟೆ ಇಡುವವರಿಗೆ ಸಿಕ್ಕ ಹೆಚ್ಚುವರಿ ತಾಸುಗಳು ಮೊಟ್ಟೆ ಹುಡುಕುವವರಿಗೆ ಸಿಗುವುದಿಲ್ಲ. ಮೋಡದ ಹಗಲಿನಲ್ಲಂತೂ ಅವುಗಳ ಓಡಾಟ ಇನ್ನೂ ಕುಗ್ಗುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಹೆಚ್ಚು ತಾಪ ತಾಳುವ ಟ್ರೈಕೊಗ್ರಾಮ ತಳಿಯ ಮೇಲೆ ಕೆಲಸ ಮಾಡಿದೆ, ಅದು ಬೇಸಿಗೆಯ ಸಮಸ್ಯೆಗೆ ಉತ್ತರ. ಹುಳುವಿಗೆ ರೋಗ ತರುವ ಶಿಲೀಂಧ್ರಗಳ ಲೆಕ್ಕ ಬೇರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಹುಕಾಲದಿಂದ ಪ್ರಚುರಪಡಿಸುತ್ತ ಬಂದಿರುವ ನೊಮುರಿಯಾ ರಿಲೈ ಶಿಲೀಂಧ್ರ ತಂಪು, ತೇವ ಎರಡೂ ಇದ್ದಾಗ ಚೆನ್ನಾಗಿ ಹಬ್ಬುತ್ತದೆ. ಮೋಡದ ವಾರದಲ್ಲಿ ಅದಕ್ಕೆ ಬೇಕಾದ ತೇವ ಸಿಗುತ್ತದೆ, ಬಿಸಿಲಿನ ಕಾಟವೂ ಇರುವುದಿಲ್ಲ. ಪತಂಗಕ್ಕೆ ಒದಗಿಬಂದ ಅದೇ ಮೋಡ ಹುಳುವಿನ ರೋಗಕ್ಕೂ ಒದಗುತ್ತದೆ ಎಂದ ಮೇಲೆ, ಸಂಜೆ ಹೊತ್ತು ಈ ಶಿಲೀಂಧ್ರವನ್ನೋ ಹುಳುವಿಗೆ ರೋಗ ತರುವ ಎನ್‌ಪಿವಿ ನಂಜಾಣುವನ್ನೋ ಸಿಂಪಡಿಸಲು ಅಂಥ ವಾರವನ್ನೇ ಆರಿಸಿಕೊಳ್ಳುವುದು ಬುದ್ಧಿವಂತಿಕೆ.

ಬೇಕಾದ ಮಾಹಿತಿ ನಮ್ಮಲ್ಲಿ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ಮಳೆಯ ವಿಷಯದಲ್ಲಿ ರೈತರು ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಕೇಳುವುದು ರೂಢಿಯೂ ಆಗಿದೆ. ಅದೇ ಕೇಂದ್ರಗಳು ದಾಖಲಿಸುವ ಉಷ್ಣಾಂಶದಲ್ಲಿ ಸಂಜೆ ಏಳರಿಂದ ನಡುರಾತ್ರಿಯವರೆಗಿನ ಪಾಲನ್ನು ಬೇರೆ ತೆಗೆದು, ಆಯಾ ಹೋಬಳಿಯ ಬಲೆಯ ಎಣಿಕೆಯ ಪಕ್ಕದಲ್ಲಿ ಇಟ್ಟು ಕೃಷಿ ವಿಜ್ಞಾನ ಕೇಂದ್ರಗಳು ಸಲಹೆ ಬರೆದರೆ ಅದಕ್ಕೆ ಹೊಸ ಉಪಕರಣವೇನೂ ಬೇಕಾಗಿಲ್ಲ. ಕನಿಷ್ಠ ಉಷ್ಣಾಂಶವೊಂದನ್ನೇ ನೋಡಿದರೆ ಸಾಲದು, ಏಕೆಂದರೆ ಅದು ದಾಖಲಾಗುವುದು ಬೆಳಗಿನ ಜಾವ. ಮೊಟ್ಟೆ ಇಡುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಹವಾಮಾನ ಕೇಂದ್ರ ಬಯಲಿನಲ್ಲಿರುತ್ತದೆ, ಪತಂಗ ಗಿಡಗಳ ನಡುವೆ ಇರುತ್ತದೆ ಎಂಬುದನ್ನೂ ಮರೆಯಬಾರದು. ದಟ್ಟವಾಗಿ ಬೆಳೆದ ತೊಗರಿಯ ಒಳಗಿನ ಗಾಳಿ ಬಯಲಿಗಿಂತ ನಿಧಾನವಾಗಿ ತಣಿಯುತ್ತದೆ, ನೀರು ಹಾಯಿಸಿದ ಹೊಲದ ರಾತ್ರಿ ಪಕ್ಕದ ಒಣ ಹೊಲದ ರಾತ್ರಿಯಂತೆ ಇರುವುದಿಲ್ಲ.

ರೈತನ ಮಟ್ಟಿಗೆ ಬಲೆಯ ಲೆಕ್ಕದ ಪುಸ್ತಕದಲ್ಲಿ ಪತಂಗದ ಸಂಖ್ಯೆಯ ಮುಂದೆ ಇನ್ನೆರಡು ವಿಷಯ ಬರೆದಿಟ್ಟರೆ ಸಾಕು: ರಾತ್ರಿ ಬಾನು ಹೇಗಿತ್ತು, ಸಂಜೆ ಚಳಿ ಎಷ್ಟಿತ್ತು. ಚಳಿಯ ರಾತ್ರಿಗಳ ಎಣಿಕೆಯನ್ನು ಚಳಿಯ ರಾತ್ರಿಗಳ ಜೊತೆಗೆ, ಬೆಚ್ಚನೆಯವನ್ನು ಬೆಚ್ಚನೆಯವುಗಳ ಜೊತೆಗೆ ಹೋಲಿಸಿದಾಗ ಮಾತ್ರ ಹುಳು ನಿಜವಾಗಿ ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ಮೋಹಕ ಬಲೆಯ ಲೂರ್ ಕೂಡ ಉಷ್ಣಾಂಶದ ಅಡಿಯಾಳು. ರಬ್ಬರಿನಲ್ಲಿ ಅದ್ದಿಟ್ಟ ವಾಸನೆಯ ದ್ರವ್ಯ ಬಿಸಿಯ ದಿನಗಳಲ್ಲಿ ಬೇಗ ಆವಿಯಾಗಿ ಖಾಲಿಯಾಗುತ್ತದೆ, ಆದ್ದರಿಂದ ಅಕ್ಟೋಬರಿನ ಸೆಕೆಯಲ್ಲಿ ಕಟ್ಟಿದ ಲೂರ್ ಮೂರ್ನಾಲ್ಕು ವಾರ ಕಳೆದ ಮೇಲೆ ನವೆಂಬರಿನ ಚಳಿಯಲ್ಲಿ ಬಹುತೇಕ ಮೂಕವಾಗಿರುತ್ತದೆ. ಬಲೆ ಖಾಲಿ ಎಂದರೆ ಹೊಲದಲ್ಲಿ ಪತಂಗವಿಲ್ಲದಿರಬಹುದು, ಪತಂಗ ಹಾರದಿರಬಹುದು, ಲೂರ್ ಸತ್ತಿರಬಹುದು. ಇನ್ನೊಂದು ಸಾಧ್ಯತೆಯೂ ಇದೆ: ಹೊಲದಲ್ಲಿ ನಿಜವಾದ ಹೆಣ್ಣುಗಳೇ ಹೆಚ್ಚಿದ್ದರೆ ಗಂಡುಗಳು ಲೂರ್ ಕಡೆ ಬರುವುದೇ ಕಡಿಮೆ. ಈ ನಾಲ್ಕನ್ನೂ ಬಲೆಯೊಂದರಿಂದಲೇ ಬೇರ್ಪಡಿಸಲಾಗದು. ಅದಕ್ಕೆ ಗಿಡದ ಮೊಗ್ಗು, ಎಳೆ ಕಾಯಿಗಳನ್ನು ಕೈಯಲ್ಲಿ ಹಿಡಿದು ಗಸಗಸೆ ಕಾಳಿನಷ್ಟು ಬಿಳಿ ಮೊಟ್ಟೆಗಳನ್ನು ಎಣಿಸಬೇಕು, ಮತ್ತು ಎಣಿಸಲು ತಕ್ಕ ಬೆಳಗು ಮೋಡದ ಮೊದಲ ರಾತ್ರಿಯ ಮರುದಿನದ್ದು.